ಕುದುರೆಗೆ ಒಂದು ನಡೆ ಸುಮ್ನೆ ಕಳೆಯೋಕೆ ಬರಲ್ಲ

ಮೂರು ರಾತ್ರಿ ಹಾಳಾದವು. ತಪ್ಪು ಕೊನೆಗೂ ಸಿಕ್ಕಿತು, ಅದೂ ನನ್ನದೇ.

ಚೆಸ್‌ನಲ್ಲಿ ಎರಡು ರಾಜ, ಒಂದು ಕುದುರೆ, ಒಂದು ಕಾಲಾಳು ಉಳಿದಾಗ ಗೆಲುವೋ ಡ್ರಾನೋ ಅಂತ ಬರೀ ನಿಯಮ ನೋಡಿ ಹೇಳುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಅದರ ಕತೆ ಇದು. ಎ7ರ (ಎ ಕಂಬ, 7ನೇ ಸಾಲು) ಕಾಲಾಳನ್ನು ಕುದುರೆ ಹಿಂದಿನಿಂದ ಕಾಯುತ್ತಿದ್ದರೆ ಮೂಲೆಯ ಎದುರಾಳಿ ರಾಜ ಸ್ಟೇಲ್‌ಮೇಟ್‌ನಲ್ಲಿ, ಅಂದ್ರೆ ಚೆಕ್ಕೂ ಇಲ್ಲದೆ ಆಡೋಕೆ ನಡೆಯೂ ಇಲ್ಲದೆ ಡ್ರಾ ಆಗಿ, ಬಚಾವಾಗ್ತಾನೆ. ಅದನ್ನು ಹೋದ ತಿಂಗಳೇ ಸೇರಿಸಿದ್ದೆ.

ಕೈಕೊಟ್ಟಿದ್ದು ಇದು: ಬಿಳಿ ರಾಜ ಎ8, ಕಾಲಾಳು ಎ7, ಕುದುರೆ ಇ4. ಕಪ್ಪು ರಾಜ ಸಿ8. ಬಿಳಿ ರಾಜ ಮೂಲೆಯಿಂದ ಹೊರಬಂದರೆ ಕಾಲಾಳು ರಾಣಿಯಾಗುತ್ತೆ; ಕಪ್ಪು ರಾಜ ಸಿ7, ಸಿ8ರ ನಡುವೆ ಆಡುತ್ತಾ ಅವನ ದಾರಿ ಕಟ್ಟುತ್ತಾನೆ. ನಡೆ ಬಿಳಿಯದು. ನನ್ನ ಪ್ರೋಗ್ರಾಂ 'ಗೆಲುವು' ಅಂದಿತು. ಸಿಝಿಜಿ ಟೇಬಲ್‌ಬೇಸ್ (ಕಾಯಿ ಕಡಿಮೆ ಇರುವ ಪ್ರತಿ ಪೊಸಿಷನ್‌ಗೂ ಸರಿಯಾದ ಫಲಿತಾಂಶ ಲೆಕ್ಕ ಹಾಕಿಟ್ಟಿರುವ ಫೈಲ್‌ಗಳು) 'ಡ್ರಾ' ಅಂದಿತು.

ಮೊದಲು ಬೈದದ್ದು ಆ ಫೈಲ್‌ಗಳನ್ನು ಇಟ್ಟಿದ್ದ ಪೆನ್‌ಡ್ರೈವ್‌ಗೆ. ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲೆ 64 ಜಿಬಿ ಅಂತ ಅಚ್ಚು, 8 ತುಂಬಿದ ಮೇಲೆ ಹಳೇ ಫೈಲ್ ಮೇಲೇ ಬರೆಯುತ್ತೆ. ಮಾರಿದವನ ಉತ್ತರ, 'ಫಾರ್ಮ್ಯಾಟ್ ಮಾಡಿ ನೋಡಿ ಸರ್.' ಐದು ಕಾಯಿವರೆಗಿನ ಟೇಬಲ್‌ಗಳೆಲ್ಲ ಸೇರಿ 1 ಜಿಬಿಯಷ್ಟೇ. ಮತ್ತೆ ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲೇ ಇಟ್ಟೆ. ಮತ್ತೆ ಡ್ರಾ. (ಏಳು ಕಾಯಿಯದ್ದು 16 ಟಿಬಿಗೂ ಜಾಸ್ತಿ. ಅದಕ್ಕೆ ಮನೆ ಅಡ ಇಡಬೇಕು.)

ಕೊನೆಗೆ ಅದೇ ಪೊಸಿಷನ್ ಹಾಕಿಕೊಂಡು ಪಕ್ಕದ ಮನೆ ಅಜ್ಜಾರ ಎದುರು ಕೂತೆ. ಹತ್ತಿ ಗಿರಣಿಯಲ್ಲಿ ದುಡಿದವರು. ಅವರ ಸೆಟ್‌ನಲ್ಲಿ ಬಿಳಿ ಕಾಲಾಳು ಒಂದು ಕಳೆದುಹೋಗಿ, ಖಾರ ಮಂಡಕ್ಕಿಯಿಂದ ಹೆಕ್ಕಿದ ಶೇಂಗಾ ಬೀಜ ಆ ಕೆಲಸ ಮಾಡುತ್ತಿದೆ. ನಾನು ಕುದುರೆಯನ್ನು ದಾವಣಗೆರೆಯೆಲ್ಲ ಸುತ್ತಿಸಿದೆ. ಅವರು ಸಿ7, ಸಿ8, ಸಿ7.

'ಓಡ್ಸು ತಮ್ಮಾ, ನಾನೇನು ಎಲ್ಲಿಗೂ ಹೋಗಂಗಿಲ್ಲ.'

ಆಗ ಹೊಳೆಯಿತು. ಕುದುರೆ ಪ್ರತಿ ನಡೆಗೂ ಮನೆಯ ಬಣ್ಣ ಬದಲಿಸುತ್ತೆ. ಅಜ್ಜಾರ ರಾಜನೂ ಅಷ್ಟೇ. ನನ್ನ ಸರದಿ ಬಂದಾಗ ಇಬ್ಬರೂ ಒಂದೇ ಬಣ್ಣದ ಮನೆಯಲ್ಲಿದ್ದರೆ, ಸಾಯೋವರೆಗೆ ಓಡಿಸಿದರೂ ಹಾಗೇ. ರಾಜನಾದರೆ ಸುತ್ತು ಹಾಕಿ ಒಂದು ನಡೆ ಕಳೆಯಬಹುದು, ಕುದುರೆಗೆ ಆ ವಿದ್ಯೆ ಇಲ್ಲ. ಕುದುರೆ ಎಂಡ್‌ಗೇಮ್ (ಆಟದ ಕೊನೆಯ ಹಂತ) ಅಂದ್ರೆ ಕಾಲಾಳು ಎಂಡ್‌ಗೇಮ್ ಇದ್ದ ಹಾಗೆ ಅಂತ ಹಳೇ ವಿಶ್ವ ಚಾಂಪಿಯನ್ ಬೊಟ್ವಿನ್ನಿಕ್ ಹೆಸರಲ್ಲಿ ಓಡಾಡುವ ಮಾತು ನಂಬಿ ಕೆಟ್ಟೆ.

ರಿಪೇರಿ ಒಂದೇ ಸಾಲು. ಎ ಅಂದ್ರೆ 1, ಬಿ ಅಂದ್ರೆ 2 ಅಂತ ಲೆಕ್ಕ ಹಿಡಿದು ಸಾಲಿನ ಅಂಕಿ ಕೂಡಿಸಿ. ಇ4 ಅಂದ್ರೆ 9, ಸಿ8 ಅಂದ್ರೆ 11. ಎರಡೂ ಬೆಸ, ಅಂದ್ರೆ ಒಂದೇ ಬಣ್ಣ, ಡ್ರಾ. ಕುದುರೆ ಇ5ರಲ್ಲಿದ್ದರೆ 10, ಗೆಲುವು: ಸಿ4, ಎ3, ಬಿ5, ಅಷ್ಟರಲ್ಲಿ ರಾಜ ಜಾಗ ಬಿಡಲೇಬೇಕು. ಎಚ್ ಕಡೆಯ ಮೂಲೆಗೂ ಇದೇ.

ಎದುರಾಳಿಗೂ ಒಂದು ಕುದುರೆ ಕೊಟ್ಟು ನೋಡೋದು ಬಾಕಿ ಇದೆ. ಆದರೆ ಮನಸ್ಸು ಈಗ ಮರಗೆಲಸದ ಮೇಲಿದೆ. ನಾವು ಆನೆ ಅನ್ನೋ ಕಾಯಿ ಅಂಗಡಿ ಸೆಟ್‌ನಲ್ಲಿ ಬುರುಜು! ಬುರುಜು ಬೇಕಾದವರು ಚಿತ್ರದುರ್ಗದ ಬಸ್ ಹತ್ತಲಿ. ನಾನು ಬೇವಿನ ಮರದಲ್ಲಿ ಸೊಂಡಿಲಿರುವ ಆನೆ, ಡುಬ್ಬ ಇರುವ ಒಂಟೆ ಕೆತ್ತುತ್ತೇನೆ. ಸಾಮಿಲ್‌ನವನು ಹದಿನೈದು ದಿನದಿಂದ 'ನಾಳೆ ಬರ್ರಿ' ಅಂತಿದ್ದಾನೆ.

ನಿನ್ನೆ ಸಂಜೆ ಅಜ್ಜಾರ ಮುಂದೆ ಕುದುರೆಯನ್ನು ಇ5ರಲ್ಲಿಟ್ಟೆ. ಒಂದು ನಿಮಿಷ ನೋಡಿದರು. ಆಮೇಲೆ ಎ7ರ ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡರು.

'ಡ್ರಾ,' ಅಂದರು.