ಕ್ರೋನಿಯೆ ಸತ್ತ ವಾರ

2002ರ ಜೂನ್ 1, ಶನಿವಾರ. ರಾಯಚೂರಿಗೆ ಮಳೆ ಇನ್ನೂ ಬಂದಿರಲಿಲ್ಲ. ರಾತ್ರಿಯಾದರೂ ಅಂಗಳದ ಫರಸಿ ಕಲ್ಲು ಕಾಲು ಸುಡುತ್ತಿತ್ತು. ಹಿಂದಿನ ದಿನವಷ್ಟೇ ಫುಟ್‌ಬಾಲ್ ವಿಶ್ವಕಪ್ ಶುರುವಾಗಿ, ಸೆನೆಗಲ್ ತಂಡ ಫ್ರಾನ್ಸನ್ನು ಸೋಲಿಸಿತ್ತು. ನಮ್ಮ ಓಣಿಯಲ್ಲಿ ಫುಟ್‌ಬಾಲ್ ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರ ಬಾಯಲ್ಲೂ ಸೆನೆಗಲ್. ನಾನು ಟಿವಿ ಹಾಕಿದ್ದೂ ಅದಕ್ಕೇ. ಬಂದದ್ದು ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ಹಳೆಯ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆ ಸತ್ತ ಸುದ್ದಿ.

ಜೊಹಾನ್ಸ್‌ಬರ್ಗ್‌ನಿಂದ ಜಾರ್ಜ್ ಎಂಬ ಊರಿಗೆ, ತನ್ನ ಮನೆಗೆ ಹೊರಟಿದ್ದನಂತೆ. ಪ್ರಯಾಣಿಕರ ವಿಮಾನ ಸಿಗದೆ ಸರಕು ವಿಮಾನ ಹತ್ತಿದ್ದ. ಅದು ಔಟೆನಿಕ್ವಾ ಬೆಟ್ಟಕ್ಕೆ ಬಡಿಯಿತು. ಇಬ್ಬರು ಪೈಲಟ್‌ಗಳು, ಇವನೊಬ್ಬ. ಮೂವರೂ ಉಳಿಯಲಿಲ್ಲ. ಇವನಿಗೆ 32 ವರ್ಷ.

ಎರಡು ವರ್ಷ ಮೊದಲಾಗಿದ್ದರೆ ನಾನು ಗೊಳೋ ಅಂತ ಅಳುತ್ತಿದ್ದೆ. ಭಾರತದ ವಿರುದ್ಧ ಆಡುವವನನ್ನು ಇಷ್ಟಪಡ್ತೀಯಲ್ಲ ಅಂತ ಗೆಳೆಯರು ಬೈದರೂ ಕ್ರೋನಿಯೆ ನನ್ನವನಾಗಿದ್ದ. ಸ್ಪಿನ್ನರ್ ಬಂದರೆ ಮೊಣಕಾಲೂರಿ ಮಿಡ್‌ವಿಕೆಟ್ ಮೇಲೆ ಎತ್ತುತ್ತಿದ್ದ. ಆ ಸಾಧಾರಣ ಮೀಡಿಯಂ ಪೇಸ್‌ನಲ್ಲೇ ಸಚಿನ್ ಅವರನ್ನು ಟೆಸ್ಟ್‌ನಲ್ಲಿ 5 ಸಲ ಔಟ್ ಮಾಡಿದ್ದ. ಕ್ಯಾಪ್ಟನ್ ಆಗಿ 53 ಟೆಸ್ಟ್, ಅದರಲ್ಲಿ 27 ಗೆಲುವು. 2000ದ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿಗೇ ಬಂದು ನಮ್ಮನ್ನು ಇನಿಂಗ್ಸ್ ಲೆಕ್ಕದಲ್ಲಿ ಸೋಲಿಸಿ ಹೋದ. ಆಗಲೂ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ಏಪ್ರಿಲ್‌ನಲ್ಲಿ. ಮ್ಯಾಚ್ ಫಿಕ್ಸ್ ಮಾಡುವ ಬಗ್ಗೆ ಬೆಟ್ಟಿಂಗ್ ದಂಧೆಯ ಬುಕ್ಕಿಯ ಜೊತೆ ಅವನು ಮಾತಾಡಿದ ಫೋನ್ ಟೇಪ್ ನಮ್ಮ ಹತ್ತಿರ ಇದೆ ಅಂತ ದೆಹಲಿ ಪೊಲೀಸರು ಹೇಳಿದಾಗ, ಸುಳ್ಳು ಅಂತ ಓಣಿ ತುಂಬ ಜಗಳ ಆಡಿದ್ದೆ. ಅವನೂ ಇಲ್ಲ ಅಂದಿದ್ದ. ನಾಲ್ಕೇ ದಿನ. ಬೆಳಗಿನ ಜಾವ ಮೂರು ಗಂಟೆಗೆ ತಮ್ಮ ಕ್ರಿಕೆಟ್ ಮಂಡಳಿಯ ಮುಖ್ಯಸ್ಥ ಅಲಿ ಬಾಕರ್ ಅವರಿಗೆ ಫೋನ್ ಮಾಡಿ, ನಾನು ಪೂರ್ತಿ ನಿಜ ಹೇಳಿಲ್ಲ ಅಂದ. ಆಮೇಲೆ ಒಂದೊಂದೇ ಹೊರಗೆ ಬಂತು. ಅವರದೇ ದೇಶದ ಸೆಂಚುರಿಯನ್‌ನಲ್ಲಿ ಆಡಿದ ಟೆಸ್ಟಿಗೆ ಬುಕ್ಕಿಯಿಂದ ದುಡ್ಡಿನ ಜೊತೆ ಒಂದು ಲೆದರ್ ಜಾಕೆಟ್! ಅಷ್ಟು ದೊಡ್ಡ ಮನುಷ್ಯ ಒಂದು ಜಾಕೆಟ್ ತಗೊಂಡನಲ್ಲ ಅಂತ ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ದುಡ್ಡು ತಗೊಂಡದ್ದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ನಾಗಪುರದ ಮ್ಯಾಚಿಗೆ ಮುಂಚೆ ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಎಂಬ ತನ್ನ ತಂಡದ ಇಬ್ಬರನ್ನು ಬೇಕಂತಲೇ ಕೆಟ್ಟದಾಗಿ ಆಡಿ ಅಂತ ಕೇಳಿದ್ದನಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. ಇಪ್ಪತ್ತು ರನ್ನಿನೊಳಗೆ ಔಟಾದರೆ ಗಿಬ್ಸ್‌ಗೆ 15,000 ಡಾಲರ್. ಇಬ್ಬರೂ ಬಿಳಿಯರಲ್ಲ. ವಿಲಿಯಮ್ಸ್ ಅಂತೂ ತಂಡಕ್ಕೆ ತೀರಾ ಹೊಸಬ. ಕ್ಯಾಪ್ಟನ್ನೇ ಬಂದು ಕೇಳಿದರೆ ಅಂಥವರು ಏನು ಹೇಳಬೇಕು? ಹೂಂ ಅಂದರು. ಆಮೇಲೆ ಇಬ್ಬರಿಗೂ ಆರು ತಿಂಗಳ ನಿಷೇಧ. ಇವನಿಗೆ ಜೀವನಪರ್ಯಂತ.

ಆ ನಾಗಪುರದ ಮ್ಯಾಚಿಗೂ ನಮ್ಮ ಮನೆಗೂ ಒಂದು ನಂಟಿದೆ. ನನ್ನ ಸೋದರಮಾವ ಹತ್ತಿ ಮಾರಿದ ದುಡ್ಡಿನಲ್ಲಿ ಎರಡು ಸಾವಿರ ತೆಗೆದು, ಅತ್ತೆಗೆ ಗೊತ್ತಾಗದಂತೆ ಭಾರತದ ಮೇಲೆ ಕಟ್ಟಿದ್ದರು. ಭಾರತ 10 ರನ್ನಿನಿಂದ ಸೋತಿತು. ಹಗರಣ ಬಯಲಾದ ಮೇಲೆ ಮಾವನದು ಒಂದೇ ಮಾತು: "ನನ್ನ ರೊಕ್ಕ ತಿಂದಾನ ಆ ಮಗ." ನಿಜ ನೋಡಿದರೆ ಉಲ್ಟಾ. ಗಿಬ್ಸ್ ಒಪ್ಪಿಕೊಂಡದ್ದನ್ನು ಗಾಳಿಗೆ ಬಿಟ್ಟು 74 ಹೊಡೆದ. ದಕ್ಷಿಣ ಆಫ್ರಿಕಾ 320ಕ್ಕೆ ಹೋಯಿತು. ಗಿಬ್ಸ್ ಮಾತು ಉಳಿಸಿಕೊಂಡಿದ್ದರೆ, ಅಂದರೆ ಕ್ರೋನಿಯೆಯ ಮೋಸ ಸರಿಯಾಗಿ ನಡೆದಿದ್ದರೆ, ಮಾವನ ರೊಕ್ಕ ಉಳಿಯುತ್ತಿತ್ತೇನೋ. ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಭಾನುವಾರದ ಪೇಪರಿನಲ್ಲಿ ಕ್ರೋನಿಯೆಯ ದೊಡ್ಡ ಫೋಟೊ ಬಂತು. ಹಸಿರು ಟೋಪಿ, ನಗದ ಮುಖ. ನಾನು ಬಾಗಿಲ ಹಿಂದೆ ನಿಂತು ಓದಿದೆ. ಸತ್ತವನ ಬಗ್ಗೆ ಬೇಜಾರಾಗಿದೆ ಅಂತ ಒಪ್ಪಿಕೊಳ್ಳಲು ನಾಚಿಕೆ. ಆಗಿಲ್ಲ ಅಂದರೆ ಸುಳ್ಳು. ಅವ್ವ ಬಂದು "ಯಾಕಲೇ, ಮೈಯಾಗ ಆರಾಮಿಲ್ಲೇನು?" ಅಂತ ಹಣೆ ಮುಟ್ಟಿ ನೋಡಿದಳು. ಸೆಕೆ ಅಂದೆ.

ಗೆಳೆಯರು ಮಾಡಿದ ಕರ್ಮ ಅಂದರು. ಅವರಿಗೆ ಎದುರು ಮಾತಾಡಲಿಲ್ಲ. ಆ ಇಬ್ಬರು ಪೈಲಟ್‌ಗಳು ಯಾವ ಕರ್ಮ ಮಾಡಿದ್ದರು ಅಂತ ಕೇಳಬೇಕಿತ್ತು. ಹೊಳೆದದ್ದು ಮನೆಗೆ ಬಂದ ಮೇಲೆ.

ಮಂಗಳವಾರ ಸಂಜೆ ಮಾವ ತೀನ್ ಕಂದೀಲ್ ಕಡೆ ಮಿರ್ಚಿ ತಿನ್ನಿಸಲು ಕರೆದುಕೊಂಡು ಹೋದರು. ದಾರಿಯಲ್ಲಿ ಅದೂ ಇದೂ ಮಾತಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅವಗ ಹೇಣ್ತಿ ಇದ್ದಳೇನು?"

ಯಾರಿಗೆ ಅಂತ ನಾನು ಕೇಳಲಿಲ್ಲ. "ಹೂಂ ಮಾವ, ಇದ್ದಾಳ."

"ಪಾಪ," ಅಂದರು.

ಬಂಡಿಯ ಹುಡುಗ ಬಾಣಲೆಯಿಂದ ಮಿರ್ಚಿ ಎತ್ತಿ, ಹಳೆ ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದ. ಭಾನುವಾರದ ಆಟದ ಪುಟ. ಹಸಿರು ಟೋಪಿ ಅರ್ಧ ಕಾಣುತ್ತಿತ್ತು. ಹುಡುಗ ಹರಿಯುವ ಮೊದಲೇ ಮಾವ ಕೈ ಅಡ್ಡ ಹಿಡಿದರು.

"ಏ ತಮ್ಮಾ, ಅದ್ರಾಗ ಬ್ಯಾಡ. ಬ್ಯಾರೆ ಹಾಳಿ ತಗೋ."

ಹುಡುಗ ಸಿನಿಮಾ ಪುಟ ತೆಗೆದ. ಮಾವ ಆ ಆಟದ ಪುಟವನ್ನು ಕಟ್ಟಿನ ತೀರಾ ಅಡಿಗೆ ತಳ್ಳಿ, ಉಳ್ಳಾಗಡ್ಡಿ ಜಾಸ್ತಿ ಹಾಕು ಅಂದರು.