ಷಿಕಾಗೊ 12ರ ಮೀನಿನ ತೊಟ್ಟಿ

ಅಕ್ಟೋಬರ್ 19, 2024, ಶನಿವಾರ
ನೇಪರ್‌ವಿಲ್, ಇಲಿನಾಯ್

ಎಸ್ಟೇಟ್ ಸೇಲಿನಲ್ಲಿ (ಒಂದು ಮನೆಯ ಸಾಮಾನೆಲ್ಲ ಮಾರಿಬಿಡುವ ಕಡೆ) ತಂದ ಅಕ್ವೇರಿಯಂಗೆ ಇವತ್ತು ಅಂತೂ ಕೈ ಹಾಕಿದೆ. ಹತ್ತು ಗ್ಯಾಲನ್ನಿನದು, ಅಂದರೆ ಸುಮಾರು 38 ಲೀಟರ್. ಸ್ಟೇನ್‌ಲೆಸ್ ಸ್ಟೀಲಿನ ಚೌಕಟ್ಟು, ನಾಲ್ಕೂ ಕಡೆ ಗಾಜು, ತಳಕ್ಕೆ ಮಾತ್ರ ಕಲ್ಲು. ನಾವು ಶಾಲೆಯಲ್ಲಿ ಬಳಪ ಹಿಡಿದು ಗೀಚುತ್ತಿದ್ದ ಸ್ಲೇಟಿನದೇ ಕಲ್ಲು. ಮಾರಿದವರು "1930ರ ದಶಕದ್ದು" ಅಂದಿದ್ದರು. ಹಳೇ ಸಾಮಾನು ಮಾರುವವರಿಗೆಲ್ಲ 1930ರ ಮೇಲೆ ಯಾಕೋ ಪ್ರೀತಿ.

ಮಗುಚಿ ನೋಡಿದರೆ ತಳದಲ್ಲಿ ಅರ್ಧ ಹರಿದ ಚೀಟಿ. ಕಂಪನಿಯ ಹೆಸರು ಹೋಗಿದೆ, 'ಷಿಕಾಗೊ 12, ಇಲ್.' (ಇಲ್. ಅಂದರೆ ಇಲಿನಾಯ್) ಅನ್ನುವಷ್ಟು ಉಳಿದಿದೆ. ಆ 12 ಅಂಚೆ ವಲಯದ ಸಂಖ್ಯೆ. ಅಮೆರಿಕದ ದೊಡ್ಡ ಊರುಗಳಿಗೆ ಅದು ಬಂದದ್ದು 1943ರಲ್ಲಿ. 1963ರ ಜುಲೈನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದಂತೆ) ಬಂತು, ಇದು ಹೋಯಿತು. 1930ರ ಕಥೆ ಅಲ್ಲಿಗೆ ಮುಗಿಯಿತು. ದೀಪದ ಮುಚ್ಚಳದ ಮೇಲೆ 27 ಲಕ್ಷ ಚಿಲ್ಲರೆಯ ಪೇಟೆಂಟ್ ಸಂಖ್ಯೆ ಒತ್ತಿದ್ದಾರೆ. ಆ ಸಂಖ್ಯೆಗಳನ್ನು ಕೊಟ್ಟದ್ದು 1955ರಿಂದ 1957ರ ಒಳಗೆ. ಒಂದೇ ಸಂಖ್ಯೆಯನ್ನು ವರ್ಷಗಟ್ಟಲೆ ಒತ್ತುತ್ತಾರಾದ್ದರಿಂದ ಇದು 'ಅದಕ್ಕಿಂತ ಮೊದಲಲ್ಲ' ಅಂತ ಹೇಳುತ್ತದೆ, ಅಷ್ಟೆ. ಮುಚ್ಚಳವೂ ತೊಟ್ಟಿಯೂ ಒಟ್ಟಿಗೇ ಬಂದಿದ್ದರೆ 1955ರಿಂದ 1963.

ಬಂದಿದ್ದರೆ! ತೊಡಕಿರುವುದೇ ಅಲ್ಲಿ. ಗಾಜಾದರೂ ಮೊದಲಿನದೇನಾ ಅಂತ ನೋಡಬೇಕಿತ್ತು. ಪಕ್ಕದ ಮನೆಯವರಿಗೆ ಕಲ್ಲು ಸಂಗ್ರಹಿಸುವ ಹುಚ್ಚು. ಅವರ ಶಾರ್ಟ್‌ವೇವ್ ಅಲ್ಟ್ರಾವಯೊಲೆಟ್ (ಕಣ್ಣಿಗೆ ಕಾಣದ ನೇರಳಾತೀತ ಕಿರಣದ) ದೀಪ ಕೇಳಿ ತಂದೆ. ಈಗಿನ ಕಿಟಕಿಗಳ ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ತವರ ತಾಗಿದ ಮೈ ಈ ಬೆಳಕಿಗೆ ಮಂಕಾಗಿ ಬೆಳಗುತ್ತದೆ. ಪಿಲ್ಕಿಂಗ್ಟನ್ ಕಂಪನಿ ಆ ವಿಧಾನವನ್ನು ಪ್ರಕಟಿಸಿದ್ದು 1959ರಲ್ಲಿ, ಅಮೆರಿಕದ ಕಾರ್ಖಾನೆಗಳಿಗೆ ಬಂದದ್ದು ಇನ್ನೂ ಈಚೆಗೆ. ಕಿರಣ ಗಾಜಿನಿಂದ ಆಚೆ ಹಾಯುವುದಿಲ್ಲ, ಒಳಮೈ ಹೊರಮೈ ಎರಡಕ್ಕೂ ಹಿಡಿಯಬೇಕು. ರಕ್ಷಣೆಯ ಕನ್ನಡಕವಂತೂ ಕಡ್ಡಾಯ. ಗ್ಯಾರೇಜಿನ ಬಾಗಿಲು ಇಳಿಸಿ ಹಿಡಿದೆ. ಎಡ, ಬಲ, ಹಿಂದೆ, ಮೂರೂ ಕಪ್ಪಗೇ ಉಳಿದವು. ಮುಂದಿನ ಗಾಜಿನ ಒಳಮೈ ಬೆಳಗಿತು. ಯಾರೋ ಒಡೆದಿದ್ದಾರೆ, ಯಾರೋ ಬದಲಿಸಿದ್ದಾರೆ. ಗೊತ್ತಾದ ಮೇಲೆ ಬರಿಗಣ್ಣಿಗೂ ಕಾಣುತ್ತದೆ: ಪಕ್ಕದ ಗಾಜಿನಲ್ಲಿ ಕಿಟಕಿಯ ಅಂಚು ಅಲೆಯಲೆಯಾಗಿ ಬಳುಕುತ್ತದೆ, ಮುಂದಿನದರಲ್ಲಿ ನೆಟ್ಟಗಿರುತ್ತದೆ. ಈ ಒಂದು ಗಾಜನ್ನೇ ನಂಬಿ ಇಸವಿ ಹೇಳಿದ್ದರೆ ತೊಟ್ಟಿಯ ವಯಸ್ಸು ಸುಮ್ಮನೆ ಇಳಿದುಬಿಡುತ್ತಿತ್ತು.

ಉಳಿದದ್ದು ಸೋರಿಕೆ. ಗಾಜು ಕೂರಿಸಿದ ಡಾಂಬರು ಒಣಗಿ ಬಿರುಕು ಬಿಟ್ಟಿದೆ. ಗಾಜು ಬಿಚ್ಚಲಿಲ್ಲ, ಒಳಗೆ ಉಕ್ಕಿದ್ದನ್ನಷ್ಟೇ ಬ್ಲೇಡಿನಿಂದ ತೆಗೆದೆ. ಗಾಜು ಕೂರಿಸುವ ಇಂಥ ಹಳೇ ಮೆತ್ತಿಗೆಯಲ್ಲಿ ಸೀಸ ಇರುವುದುಂಟು, ಹಾಗಾಗಿ ಕೈಗವಸು ಹಾಕಿ, ಧೂಳೇಳದಂತೆ ಒದ್ದೆ ಮಾಡಿಯೇ ಕೆರೆದೆ. ಡಾಂಬರಿಗೆ ಸಿಲಿಕೋನ್ (ರಬ್ಬರಿನಂತೆ ಗಟ್ಟಿಯಾಗುವ ಅಂಟು) ಹಿಡಿಯುವುದಿಲ್ಲ, ಹಾಗಾಗಿ ಅಸಿಟೋನಿನಿಂದ ಚೆನ್ನಾಗಿ ಒರೆಸಿ, ಗಾಜು ಗಾಜಿಗೂ ಗಾಜು ಕಲ್ಲಿಗೂ ಸೇರುವ ಕಡೆಯೆಲ್ಲ ಅಕ್ವೇರಿಯಂ ಸಿಲಿಕೋನ್ ಎಳೆದೆ. ಅದು ಒಣಗುತ್ತ ಗ್ಯಾರೇಜೆಲ್ಲ ವಿನೆಗರ್ ವಾಸನೆ. ಹಳೇ ತೊಟ್ಟಿಗೆ ಸಿಲಿಕೋನ್ ಸೋಕಿಸಬಾರದು ಅನ್ನುವ ಮಡಿವಂತರಿದ್ದಾರೆ. ಇರಲಿ, ನನಗೆ ಇದು ಬೇಕಿರುವುದು ಶೋಕೇಸಿಗಲ್ಲ, ಮೀನಿಗೆ.

ಒಂದು ವಾರ ಒಣಗಲಿ, ಆಮೇಲೆ ನೀರು. ನೀರೇ 38 ಕಿಲೋ, ಮೇಲೆ ಈ ಕಲ್ಲು. ನಡುಮನೆಯ ಟೀಪಾಯಿ ತಡೆಯುವುದಿಲ್ಲ, ಕಬ್ಬಿಣದ ಸ್ಟ್ಯಾಂಡ್ ಹುಡುಕಬೇಕು.