ಸೋತವನೇ ಜಾಗ ಆರಿಸಬೇಕು

"ನಾನಾ? ನಾನು ಸೋತಿದ್ದೀನಲ್ವಾ ಅಣ್ಣಾ?"

ಭಾನುವಾರ ಕೇಳಿದ ಮಾತು, ಇನ್ನೂ ಕಿವಿಯಲ್ಲೇ ಇದೆ.

ವಿರಾಜಪೇಟೆಯಲ್ಲಿ ಗೆಳೆಯನ ಮನೆಯ ಹಾಲ್‌ನಲ್ಲಿ ಸ್ಮ್ಯಾಶ್ ಅಲ್ಟಿಮೇಟ್ ಅನ್ನೋ ಹೊಡೆದಾಟದ ವಿಡಿಯೋ ಗೇಮಿನ ಟೂರ್ನಮೆಂಟ್ ಇಟ್ಟುಕೊಂಡಿದ್ದೆವು. ಹೊರಗೆ ಜೋರು ಮಳೆ. ಕರೆಂಟ್ ಹೋಗುವುದರೊಳಗೆ ಮುಗಿಸಬೇಕು ಅಂತ ಎಲ್ಲರಿಗೂ ಅವಸರ. ಸಿದ್ದಾಪುರದಿಂದ ಅಕ್ಕನ ಜೊತೆ ಬಸ್ಸಿನಲ್ಲಿ ಬಂದಿದ್ದ ಎಂಟನೇ ಕ್ಲಾಸಿನ ಹುಡುಗನಿಗೆ ಮೊದಲ ಮ್ಯಾಚಿಗೇ ಸಿಕ್ಕಿದವನು ನಮ್ಮ ಗುಂಪಿನ ಗಟ್ಟಿ ಆಟಗಾರ, ಕಾಲೇಜು ಹುಡುಗ. ಅವನ ಆಟ ನನಗೆ ತುಂಬಾ ಇಷ್ಟ. ಹೊಸಬರ ಜೊತೆ ಅವನು ನಡೆದುಕೊಳ್ಳುವ ರೀತಿ ಮಾತ್ರ ಇಷ್ಟವಿಲ್ಲ.

ಮೊದಲ ಆಟಕ್ಕೆ ಐದು ಸ್ಟೇಜ್, ಅಂದರೆ ಹೊಡೆದಾಡುವ ಜಾಗ, ಇಡುತ್ತೇವೆ. ರಾಕ್ ಪೇಪರ್ ಸಿಸರ್ಸ್‌ನಲ್ಲಿ ಗೆದ್ದವನು ಒಂದನ್ನು ತೆಗೆಯುತ್ತಾನೆ, ಎದುರಾಳಿ ಎರಡನ್ನು. ಉಳಿದ ಎರಡರಲ್ಲಿ ಗೆದ್ದವನು ಒಂದನ್ನು ಆರಿಸುತ್ತಾನೆ. "ಅವನಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ, ಫೈನಲ್ ಡೆಸ್ಟಿನೇಷನ್‌ನಲ್ಲೇ ಆಡ್ತೀವಿ" ಅಂದ ಕಾಲೇಜು ಹುಡುಗ. ಚಿಕ್ಕವನು ಹೂಂ ಅಂದುಬಿಟ್ಟ. ಇಬ್ಬರೂ ಒಪ್ಪಿದರೆ ನಿಯಮದಲ್ಲಿ ಅಡ್ಡಿಯಿಲ್ಲ.

ಆದರೆ ಆ ಸ್ಟೇಜ್ ಪೂರ್ತಿ ಸಪಾಟು. ಹತ್ತಿ ನಿಲ್ಲೋಕೆ ಒಂದು ಪ್ಲಾಟ್‌ಫಾರ್ಮ್ ಕೂಡ ಇಲ್ಲ. ಕಾಲೇಜು ಹುಡುಗನ ಪಾತ್ರ, ದೂರದಿಂದ ಮಿಸೈಲ್ ಬಿಡುವ ಸ್ಯಾಮಸ್‌ಗೆ ಹಬ್ಬ. ಚಿಕ್ಕವನದು ಡಾಂಕಿ ಕಾಂಗ್ ಅನ್ನೋ ಗೊರಿಲ್ಲಾ, ದೊಡ್ಡ ಮೈ. ಎರಡು ಹೆಜ್ಜೆ ಮುಂದೆ ಬರುತ್ತಿದ್ದ, ಮಿಸೈಲ್ ತಗಲುತ್ತಿತ್ತು, ಮತ್ತೆ ಹಿಂದೆ. ಹೆಬ್ಬೆರಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಸ್ಟಿಕ್ ಒತ್ತುತ್ತಿದ್ದ. ಸೋತ. ಕಂಟ್ರೋಲರ್ ಕೆಳಗಿಟ್ಟು ಎದ್ದೇಬಿಟ್ಟ.

"ಕೂತ್ಕೋ, ಇನ್ನೂ ಇದೆ. ಮುಂದಿನ ಜಾಗ ನೀನು ಆರಿಸಬೇಕು" ಅಂದೆ.

"ನಾನಾ? ನಾನು ಸೋತಿದ್ದೀನಲ್ವಾ ಅಣ್ಣಾ?"

"ಸೋತಿದ್ದಕ್ಕೇ."

ಗೆದ್ದವನು ಕೆಲವು ಸ್ಟೇಜ್ ಬ್ಯಾನ್ ಮಾಡಬಹುದು, ಮಿಕ್ಕವುಗಳಲ್ಲಿ ಸೋತವನು ಆರಿಸುತ್ತಾನೆ. ಆಮೇಲೆ ಗೆದ್ದವನೇ ಮೊದಲು ತನ್ನ ಪಾತ್ರ ಹೇಳಬೇಕು. ಅದನ್ನು ನೋಡಿಕೊಂಡು ಸೋತವನು ಬೇಕಾದರೆ ತನ್ನದನ್ನು ಬದಲಾಯಿಸಬಹುದು. ಹುಡುಗ ಸ್ಮಾಲ್ ಬ್ಯಾಟಲ್‌ಫೀಲ್ಡ್ ತಗೊಂಡ. 2020ರ ಅಪ್‌ಡೇಟ್‌ನಲ್ಲಿ ಬಂದ ಈ ಸ್ಟೇಜ್‌ನಲ್ಲಿ ಎರಡು ಪ್ಲಾಟ್‌ಫಾರ್ಮ್ ಇವೆ. ಮಿಸೈಲ್ ಬಂದಾಗ ಕಾಂಗ್ ಮೇಲೆ ಹಾರಿದ, ಅಲ್ಲಿಂದ ನೇರ ಸ್ಯಾಮಸ್ ತಲೆ ಮೇಲೆ. ಗೆದ್ದ! ಅವನ ಅಕ್ಕ ಕೂಗಿದ್ದು ಅಡುಗೆಮನೆಗೂ ಕೇಳಿಸಿರಬೇಕು.

ಮೂರನೇ ಆಟಕ್ಕೆ ಕಾಲೇಜು ಹುಡುಗ ಮತ್ತೆ ಫೈನಲ್ ಡೆಸ್ಟಿನೇಷನ್ ಕೇಳಿದ. ಒಮ್ಮೆ ತಾನು ಗೆದ್ದ ಸ್ಟೇಜ್ ಅನ್ನು ಅದೇ ಮ್ಯಾಚಿನಲ್ಲಿ ಮತ್ತೆ ಆರಿಸುವ ಹಾಗಿಲ್ಲ ಅಂದೆ. "ಚಿಕ್ಕ ಹುಡುಗನ ಜೊತೆ ಇಷ್ಟೆಲ್ಲ ರೂಲ್ಸ್ ಯಾಕೆ?" ಅಂತ ಮುಖ ಊದಿಸಿಕೊಂಡ. ಚಿಕ್ಕ ಹುಡುಗ ಅಂತಲೇ ಬೇಕು. ಬಲ ಇದ್ದವನಿಗೆ ರೂಲ್ಸ್ ಇಲ್ಲದಿದ್ದರೂ ನಡೆಯುತ್ತೆ.

2018ರಲ್ಲಿ ಈ ಗೇಮ್ ಬಂದಾಗಲೇ ನೂರಕ್ಕೂ ಜಾಸ್ತಿ ಸ್ಟೇಜ್ ಇದ್ದವು. ಟೂರ್ನಮೆಂಟಿಗೆ ಆಗುವವು ಬೆರಳೆಣಿಕೆ. ಹೈರೂಲ್ ದೇವಸ್ಥಾನದ ಸ್ಟೇಜ್ ಎಷ್ಟು ದೊಡ್ಡದೆಂದರೆ, ಮುಂದಿರುವವನು ಟೈಮ್ ಮುಗಿಯೋವರೆಗೂ ಓಡುತ್ತಾ ಇರಬಹುದು. ಅಂಥವನ್ನೆಲ್ಲ ಆಡಿ, ಜಗಳವಾಡಿ, ಆಟಗಾರರೇ ತೆಗೆದರು. ನಮ್ಮ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಕಿಯಲ್ಲಿ ಅರ್ಧ ಆಟಕ್ಕೆ ಸೈಡ್ ಬದಲಾಗದಿದ್ದರೆ ಯಾರು ಸುಮ್ನೆ ಇರ್ತಾರೆ?

ಆದರೆ ಸೋತವನಿಗೆ ಕೇಳುವ ಹಕ್ಕಿಲ್ಲ ಅಂತ ಆ ಮಗುವಿಗೆ ಅನ್ನಿಸಿದ್ದು ಎಲ್ಲಿಂದ? ಮಾರ್ಕ್ಸ್ ಕಡಿಮೆ ಬಂದವನ ಕೋರ್ಸನ್ನು ಮಾವಂದಿರು ಕೂತು ತೀರ್ಮಾನಿಸುತ್ತಾರೆ. ಬೆಳೆ ಕೈಕೊಟ್ಟವನು ಮನೆಯ ಮಾತುಕತೆಯಲ್ಲಿ ಬಾಯಿ ಬಿಡೋದಿಲ್ಲ. ಎಂಟನೇ ಕ್ಲಾಸಿಗೇ ಅವನು ಇದನ್ನೆಲ್ಲ ಕಲಿತಿದ್ದಾನೆ. ನನಗೆ ಸಿಟ್ಟು ಬಂದಿದ್ದು ಅದಕ್ಕೆ, ಕಾಲೇಜು ಹುಡುಗನ ಮೇಲೆ ಅಲ್ಲ.

ಮೂರನೇ ಆಟ ಟೌನ್ ಆ್ಯಂಡ್ ಸಿಟಿಯಲ್ಲಿ ನಡೆಯಿತು. ಕಾಲೇಜು ಹುಡುಗನೇ ಗೆದ್ದ, ಕೊನೇ ಏಟಿನಲ್ಲಿ. ಮುಂದಿನ ಟೂರ್ನಮೆಂಟಿಗೆ ನಿಯಮಗಳನ್ನು ಕನ್ನಡದಲ್ಲಿ ಬರೆದು ಟಿವಿ ಪಕ್ಕ ಅಂಟಿಸುತ್ತೇವೆ. ಹೊಸಬರಿಗೆ ಅದನ್ನು ಓದಿ ಹೇಳುವ ಕೆಲಸ ಆ ಕಾಲೇಜು ಹುಡುಗನಿಗೇ ಕೊಟ್ಟಿದ್ದೇನೆ.